ಪಕ್ಕದ ಪಂಚಾಯ್ತಿಗೆ ಬಂತು, ನಮಗೇಕಿಲ್ಲ? ಬೆಳೆ ವಿಮೆಯ ಅಳತೆಯ ಹಿನ್ನೆಲೆ

ಬೆಳೆ ವಿಮೆಯ ಹಣ ಖಾತೆಗೆ ಬೀಳುವ ಕಾಲಕ್ಕೆ ಜಿಲ್ಲಾ ಪುಟಗಳಲ್ಲಿ ಪ್ರತಿ ವರ್ಷ ಒಂದೇ ಸುದ್ದಿ. ಒಂದು ಗ್ರಾಮ ಪಂಚಾಯ್ತಿಗೆ ಪರಿಹಾರ ಬಂದಿದೆ, ಹಳ್ಳದಾಚೆಯ ಪಂಚಾಯ್ತಿಗೆ ಬಿಡಿಗಾಸೂ ಇಲ್ಲ. ಮಳೆ ಹೋಗಿದ್ದು ಎರಡೂ ಕಡೆ, ಒಣಗಿದ್ದು ಎರಡೂ ಕಡೆ. ರೈತರು ಕೃಷಿ ಇಲಾಖೆ ಮುಂದೆ ಧರಣಿ ಕೂರುತ್ತಾರೆ, ಅಧಿಕಾರಿಗಳು ಕಂಪನಿಯ ಕಡೆ ಕೈ ತೋರಿಸುತ್ತಾರೆ, ಕಂಪನಿ ಇಳುವರಿ ಅಂಕಿಅಂಶದ ಕಡೆ. ಸುದ್ದಿ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ಆ ಅಂಕಿ ಹುಟ್ಟುವುದು ಎಲ್ಲಿ, ಯಾರ ಕೈಯಲ್ಲಿ ಎಂದು ಕೇಳದೆ ಈ ಜಗಳ ಅರ್ಥವಾಗುವುದಿಲ್ಲ.

ಪ್ರಶ್ನೆ ಹಳೆಯದು, ಮೊದಲು ಎದ್ದಿದ್ದೂ ನಮ್ಮ ನೆಲದಲ್ಲೇ. 1915ರಲ್ಲಿ ಮೈಸೂರು ಸಂಸ್ಥಾನದ ಜೆ.ಎಸ್. ಚಕ್ರವರ್ತಿ ಅವರು ಬರದಿಂದ ರೈತರನ್ನು ಕಾಯಲು ಮಳೆ ವಿಮೆಯ ಪ್ರಸ್ತಾವ ಮುಂದಿಟ್ಟರು. 1920ರಲ್ಲಿ ಅದನ್ನು ವಿವರವಾಗಿ ಪುಸ್ತಕವಾಗಿಯೂ ಪ್ರಕಟಿಸಿದರು. ಒಬ್ಬೊಬ್ಬರ ಹೊಲ ನೋಡಿ ನಷ್ಟ ಕಟ್ಟುವ ಬದಲು ಆ ಪ್ರದೇಶದ ಮಳೆಯ ಅಳತೆಯನ್ನೇ ಆಧಾರ ಮಾಡಿಕೊಳ್ಳಬೇಕು, ಮಳೆ ಇಂತಿಷ್ಟಕ್ಕಿಂತ ಕಡಿಮೆಯಾದರೆ ಪರಿಹಾರ ಕೊಡಬೇಕು ಎಂಬುದು ಅದರ ತಿರುಳು. ಆಗ ಅದು ಜಾರಿಗೆ ಬರಲಿಲ್ಲ. ಆದರೆ ಇಂದು ಅಡಿಕೆ ತೋಟಕ್ಕೆ ಸಿಗುವ ಹವಾಮಾನ ಆಧಾರಿತ ವಿಮೆ ನಿಂತಿರುವುದು ಇದೇ ತರ್ಕದ ಮೇಲೆ.

ದೇಶ ಮೊದಲು ಹಿಡಿದದ್ದು ಬೇರೆ ದಾರಿ. 1972ರಲ್ಲಿ ಸಾರ್ವಜನಿಕ ವಲಯದ ವಿಮಾ ಸಂಸ್ಥೆ ಗುಜರಾತಿನಲ್ಲಿ ಎಚ್-4 ಎಂಬ ಹತ್ತಿ ತಳಿಗೆ ವಿಮೆ ಶುರು ಮಾಡಿತು. ಪ್ರತಿ ರೈತನ ಹೊಲವನ್ನೂ ಬೇರೆಯಾಗಿ ನೋಡಿ ನಷ್ಟ ಲೆಕ್ಕ ಹಾಕುವ ಪದ್ಧತಿ ಅದು. ಮುಂದೆ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಿಗೆ ಹರಡಿತು. 1978-79ರವರೆಗೆ ಸೇರಿದ್ದು 3,110 ರೈತರು, ಬಂದ ಕಂತು ₹4.54 ಲಕ್ಷ, ಕೊಟ್ಟ ಪರಿಹಾರ ₹37.88 ಲಕ್ಷ. ಲಕ್ಷಾಂತರ ಸಣ್ಣ ಹಿಡುವಳಿಗಳಿರುವ ದೇಶದಲ್ಲಿ ಹೊಲ ಹೊಲ ತಿರುಗಿ ನಷ್ಟ ನೋಡುವುದು ಆಗುವ ಕೆಲಸವಲ್ಲ ಎಂಬುದು ಸ್ಪಷ್ಟವಾಯಿತು. ಅರ್ಥಶಾಸ್ತ್ರಜ್ಞ ವಿ.ಎಂ. ದಾಂಡೇಕರ್ ಸೂಚಿಸಿದ್ದು ಪ್ರದೇಶವಾರು ಪದ್ಧತಿ: ಒಂದು ಪ್ರದೇಶದ ಸರಾಸರಿ ಇಳುವರಿ ಕುಸಿದರೆ ಅಲ್ಲಿ ವಿಮೆ ಮಾಡಿಸಿದ ಎಲ್ಲರಿಗೂ ಒಂದೇ ದರದ ಪರಿಹಾರ. 1979ರಲ್ಲಿ ಅದರ ಪ್ರಯೋಗ ಶುರುವಾಯಿತು. 1985ರ ಸಮಗ್ರ ಬೆಳೆ ವಿಮೆ, 1999-2000ರ ಹಿಂಗಾರಿನಲ್ಲಿ ಬಂದ ರಾಷ್ಟ್ರೀಯ ಕೃಷಿ ವಿಮೆ, 2016ರ ಮುಂಗಾರಿನಿಂದ ನಡೆದಿರುವ ಪ್ರಧಾನ ಮಂತ್ರಿ ಫಸಲ್ ಬಿಮಾ, ಮೂರರ ಬೇರೂ ಇದೇ.

ನಡುವೆ ಬದಲಾದದ್ದು ಮುಖ್ಯವಾಗಿ ಪ್ರದೇಶದ ಗಾತ್ರ. ಹಿಂದೆ ಹೋಬಳಿಯೇ ಘಟಕವಾಗಿತ್ತು. ಈಗ ಮುಖ್ಯ ಬೆಳೆಗೆ ಗ್ರಾಮ ಪಂಚಾಯ್ತಿ, ಕಡಿಮೆ ವಿಸ್ತೀರ್ಣದ ಬೆಳೆಗೆ ಹೋಬಳಿ. ಘಟಕ ಚಿಕ್ಕದಾದಷ್ಟೂ ನಿಮ್ಮ ಹೊಲದ ಸ್ಥಿತಿಗೆ ಅಂಕಿ ಹತ್ತಿರ ಬರುತ್ತದೆ ಎಂಬ ಲೆಕ್ಕಾಚಾರ ಸರಿಯೇ. ಆದರೆ ಘಟಕಗಳು ಹೆಚ್ಚಿದಂತೆ ಅಳೆಯುವ ಕೆಲಸವೂ ಹಲವು ಪಟ್ಟು ಬೆಳೆಯಿತು, ಅಳೆಯುವ ಕೈಗಳು ಅಷ್ಟು ಬೆಳೆಯಲಿಲ್ಲ. ಇವತ್ತಿನ ತಕರಾರಿನ ಬಹುಪಾಲು ಇಲ್ಲಿಂದಲೇ ಏಳುತ್ತದೆ.

ಆ ಅಳತೆಯ ಹೆಸರು ಬೆಳೆ ಕಟಾವು ಪ್ರಯೋಗ. ಒಂದು ಪಂಚಾಯ್ತಿಯಲ್ಲಿ ಒಂದು ಬೆಳೆಗೆ ಕನಿಷ್ಠ 4 ಪ್ರಯೋಗ ನಡೆಯಬೇಕು. ಯಾವ ಸರ್ವೆ ನಂಬರು ಎಂಬುದು ಯಾದೃಚ್ಛಿಕವಾಗಿ ಬರುತ್ತದೆ, ಯಾರೂ ಆರಿಸುವಂತಿಲ್ಲ. ಸಿಬ್ಬಂದಿ ಹೊಲದ ನೈಋತ್ಯ ಮೂಲೆಯಲ್ಲಿ ನಿಂತು, ಮೊದಲೇ ಸಿಕ್ಕ ಸಂಖ್ಯೆಯಷ್ಟು ಹೆಜ್ಜೆ ಉದ್ದಕ್ಕೆ, ಹೆಜ್ಜೆ ಅಗಲಕ್ಕೆ ಹೋಗಿ ಗೂಟ ನೆಡುತ್ತಾರೆ. ರಾಗಿ, ಭತ್ತದಂಥ ಬೆಳೆಗೆ ಸಾಮಾನ್ಯವಾಗಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ. ಹಗ್ಗ ಬಿಗಿದು, ಒಳಗಿನ ಬೆಳೆಯನ್ನಷ್ಟೇ ಕೊಯ್ದು, ಬಡಿದು, ತೂರಿ, ತೂಗುತ್ತಾರೆ. ಫೋಟೊ ಮತ್ತು ಸ್ಥಳದ ಗುರುತು ಮೊಬೈಲ್ ಆ್ಯಪ್‌ಗೆ ಹೋಗುತ್ತದೆ. ವಿಮಾ ಕಂಪನಿಯ ಪ್ರತಿನಿಧಿ ಹಾಜರಿದ್ದು ನೋಡಬಹುದು.

25 ಚದರ ಮೀಟರಿನ ಆ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ. ತಕ್ಕಡಿಯಲ್ಲಿ 1 ಕಿಲೋ ಹೆಚ್ಚುಕಮ್ಮಿಯಾದರೆ ಹೆಕ್ಟೇರಿಗೆ 400 ಕಿಲೋ ಹೆಚ್ಚುಕಮ್ಮಿ. ನಾಲ್ಕರ ಸರಾಸರಿ ತೆಗೆದ ಮೇಲೂ ಇಡೀ ಪಂಚಾಯ್ತಿಯ ಅಂಕಿ 100 ಕಿಲೋ ಸರಿಯುತ್ತದೆ. ಗೂಟಗಳು ಎರಡು ಬದಿಗೂ 15 ಸೆಂಟಿಮೀಟರ್ ಆಚೆ ಕೂತರೆ ಸಾಕು, ಚೌಕ ಸುಮಾರು 26.5 ಚದರ ಮೀಟರ್ ಆಗಿ ಇಳುವರಿ ಶೇ 6ರಷ್ಟು ಹೆಚ್ಚು ಕಾಣುತ್ತದೆ. ಹಸಿ ಕಾಳು ತೂಗಿ ತೇವಾಂಶ ಕಳೆಯದಿದ್ದರೂ ಅದೇ ಕತೆ. ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಯ್ದಿದ್ದರೆ ತಪ್ಪು ಇನ್ನೊಂದು ದಿಕ್ಕಿಗೆ. ಎಲ್ಲಕ್ಕಿಂತ ಕೆಟ್ಟದ್ದು, ಸಿಬ್ಬಂದಿ ಬರುವ ಹೊತ್ತಿಗೆ ಆಯ್ಕೆಯಾದ ಹೊಲ ಕೊಯ್ಲಾಗಿ ಹೋಗಿರುವುದು. ತನ್ನ ಹೊಲ ಪ್ರಯೋಗಕ್ಕೆ ಬಂದಿದೆ ಎಂಬುದೇ ರೈತನಿಗೆ ಗೊತ್ತಿಲ್ಲದಿದ್ದರೆ ಆತ ಯಾಕೆ ಕಾಯಬೇಕು?

ಇನ್ನು ಹಣದ ಲೆಕ್ಕ. ಹಿಂದಿನ 7 ವರ್ಷಗಳಲ್ಲಿ ಹೆಚ್ಚು ಬೆಳೆದ 5 ವರ್ಷಗಳ ಸರಾಸರಿ ತೆಗೆದು, ಅದನ್ನು ಶೇ 70, 80 ಅಥವಾ 90ರ ಭರವಸೆ ಮಟ್ಟದಿಂದ ಗುಣಿಸಿದರೆ ಪ್ರಾರಂಭಿಕ ಇಳುವರಿ ಸಿಗುತ್ತದೆ. ಈ ಸಲದ ಸರಾಸರಿ ಇದಕ್ಕಿಂತ ಕೆಳಗಿಳಿದರೆ ಮಾತ್ರ ಪರಿಹಾರ. ಉದಾಹರಣೆಗೆ ಸರಾಸರಿ ಹೆಕ್ಟೇರಿಗೆ 1,500 ಕಿಲೋ, ಮಟ್ಟ ಶೇ 80 ಎಂದುಕೊಳ್ಳಿ. ಪ್ರಾರಂಭಿಕ ಇಳುವರಿ 1,200. ಈ ಸಲ ಪಂಚಾಯ್ತಿಯ ಸರಾಸರಿ 900 ಬಂದರೆ ಕೊರತೆ 300, ಅಂದರೆ ಶೇ 25. ವಿಮಾ ಮೊತ್ತ ಹೆಕ್ಟೇರಿಗೆ ₹40,000 ಇದ್ದರೆ ಪರಿಹಾರ ₹10,000, ಎಕರೆಗೆ ಸುಮಾರು ₹4,000. ಸರಾಸರಿ 1,210 ಬಂದರೆ ಸೊನ್ನೆ. ಮೊದಲು ಹೇಳಿದ ಆ ಒಂದು ಕಿಲೋ ತಪ್ಪನ್ನು ಇಲ್ಲಿಗೆ ತಂದು ಇಟ್ಟು ನೋಡಿ: ಪಂಚಾಯ್ತಿಯ ಪ್ರತಿ ರೈತನಿಗೂ ಹೆಕ್ಟೇರಿಗೆ ಸುಮಾರು ₹3,300 ಹೋಯಿತು ಅಥವಾ ಬಂತು. ಬರದ ನಾಡಿನವರಿಗೆ ಇನ್ನೊಂದು ಪೆಟ್ಟಿದೆ. ಏಳರಲ್ಲಿ ಮೂರ್ನಾಲ್ಕು ವರ್ಷ ಬೆಳೆ ಹೋಗಿದ್ದರೆ ಪ್ರಾರಂಭಿಕ ಇಳುವರಿಯೇ ಕುಗ್ಗಿರುತ್ತದೆ. ಹೆಚ್ಚು ಸೋತ ಊರಿಗೆ ವಿಮೆಯ ಆಸರೆ ಕಡಿಮೆ. ಈ ಸೂತ್ರ ಬದಲಾಗಲೇಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ರೈತ ಕಟ್ಟುವುದು ಮುಂಗಾರಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಉಳಿದ ಕಂತು ಕೇಂದ್ರ, ರಾಜ್ಯಗಳದ್ದು. ರಾಜ್ಯದ ಪಾಲು ತಡವಾದರೆ ಪರಿಹಾರವೂ ತಡ. 2020ರ ಮುಂಗಾರಿನಿಂದ ಬೆಳೆ ಸಾಲ ಪಡೆದವರಿಗೂ ವಿಮೆ ಕಡ್ಡಾಯವಲ್ಲ. ಬೇಡವಾದವರು ಕೊನೆಯ ದಿನಕ್ಕೆ 7 ದಿನ ಮುಂಚೆ ಬ್ಯಾಂಕಿಗೆ ಬರೆದು ಕೊಡಬೇಕು, ಇಲ್ಲದಿದ್ದರೆ ಕಂತು ಕಡಿತವಾಗುತ್ತದೆ.

ಕರ್ನಾಟಕದಲ್ಲಿ ನೋಂದಣಿ ‘ಸಂರಕ್ಷಣೆ’ ಪೋರ್ಟಲಿನಲ್ಲಿ. ಅರ್ಜಿಯಲ್ಲಿರುವ ಬೆಳೆಯನ್ನು ಬೆಳೆ ಸಮೀಕ್ಷೆಯ ಜತೆ ತಾಳೆ ನೋಡುತ್ತಾರೆ. ವಿಮೆ ಮೆಕ್ಕೆಜೋಳಕ್ಕೆ, ಸಮೀಕ್ಷೆಯಲ್ಲಿ ಹತ್ತಿ ಎಂದಿದ್ದರೆ ಅರ್ಜಿ ತಿರಸ್ಕಾರ. ಸಮೀಕ್ಷೆ ಮುಗಿದ ಕೂಡಲೇ ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ತಮ್ಮ ಸರ್ವೆ ನಂಬರು ತೆರೆದು ನೋಡಿ, ತಪ್ಪಿದ್ದರೆ ಆಗಲೇ ಆಕ್ಷೇಪಣೆ ಹಾಕುವುದು ಹತ್ತು ನಿಮಿಷದ ಕೆಲಸ. ಪರಿಹಾರ ಬರುವ ಕಾಲಕ್ಕೆ ಓಡಾಡಿದರೆ ಪ್ರಯೋಜನ ಕಡಿಮೆ.

ಅಡಿಕೆಯಲ್ಲಿ ತಕ್ಕಡಿಯ ಜಾಗಕ್ಕೆ ಮಳೆಮಾಪಕ ಬಂದಿದೆ. ಹಲವು ವರ್ಷ ವಿಮಾ ಮೊತ್ತ ಹೆಕ್ಟೇರಿಗೆ ₹1,28,000, ರೈತನ ಕಂತು ₹6,400 ಇತ್ತು. ಕೊಳೆರೋಗ ಎಷ್ಟು ಉದುರಿಸಿತು ಎಂದು ಯಾರೂ ತೋಟಕ್ಕೆ ಬಂದು ನೋಡುವುದಿಲ್ಲ. ಪಂಚಾಯ್ತಿಯ ಮಾಪಕದಲ್ಲಿ ನಿಗದಿತ ಮಿತಿ ದಾಟಿದ ಮಳೆ ದಾಖಲಾಯಿತೇ ಎಂಬುದಷ್ಟೇ ಲೆಕ್ಕ. ಮಲೆನಾಡಿನಲ್ಲಿ ಒಂದು ಗುಡ್ಡದ ಈಚೆಗೂ ಆಚೆಗೂ ಮಳೆ ಬೇರೆ. ಮಾಪಕ ನಾಲ್ಕು ದಿನ ಕೆಟ್ಟು ನಿಂತರೆ ಆ ನಾಲ್ಕು ದಿನಕ್ಕೆ ಯಾವ ಅಂಕಿ ಹಿಡಿಯಬೇಕು ಎಂಬಲ್ಲಿ ತಕರಾರು ಶುರು. ಮಾಪಕದ ಮೇಲೆ ಮರದ ಕೊಂಬೆ ಚಾಚಿದ್ದರೆ, ಬಾಯಲ್ಲಿ ಎಲೆ ಕಟ್ಟಿದ್ದರೆ ಮಳೆಗಾಲದಲ್ಲೇ ಫೋಟೊ ತೆಗೆದು ಲಿಖಿತವಾಗಿ ತಿಳಿಸಬೇಕು.

ಅಳತೆಯಿಂದ ಮನುಷ್ಯನ ಕೈ ತಪ್ಪಿಸುವ ಯತ್ನವೂ ನಡೆದಿದೆ. 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಯ ಇಳುವರಿ ಅಂದಾಜಿನಲ್ಲಿ ಉಪಗ್ರಹ ಮತ್ತಿತರ ತಂತ್ರಜ್ಞಾನದ ಅಂಕಿಗೆ ಕನಿಷ್ಠ ಶೇ 30ರ ತೂಕ ಕೊಡಲಾಗುತ್ತಿದೆ. ಒಳ್ಳೆಯದೇ. ಆದರೆ ಈ ತಂತ್ರಜ್ಞಾನದ ಅಂಕಿ ಎಲ್ಲಿಂದ ಬಂತು ಎಂದು ಗ್ರಾಮಸಭೆಯಲ್ಲಿ ಬಿಡಿಸಿ ಹೇಳುವವರು ಇಲ್ಲದಿದ್ದರೆ ಗೂಟ, ಹಗ್ಗದಷ್ಟೂ ನಂಬಿಕೆ ಅದಕ್ಕೆ ಸಿಗದು.

ಹೊಲವನ್ನೇ ನೋಡಿ ಪರಿಹಾರ ಕೊಡುವ ಅವಕಾಶ ಪೂರ್ತಿ ಹೋಗಿಲ್ಲ. ಆಲಿಕಲ್ಲು, ಭೂಕುಸಿತದಂಥ ಸ್ಥಳೀಯ ವಿಕೋಪಕ್ಕೆ, ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆ 14 ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕರೆ, ಒಬ್ಬೊಬ್ಬರ ನಷ್ಟವನ್ನೇ ನೋಡಬೇಕು. ಷರತ್ತು ಒಂದೇ: 72 ಗಂಟೆಯೊಳಗೆ 14447ಕ್ಕೆ ಕರೆ ಮಾಡಿಯೋ ಆ್ಯಪ್‌ನಲ್ಲೋ ದೂರು ದಾಖಲಾಗಬೇಕು, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. 2026ರ ಮುಂಗಾರಿನಿಂದ ಕಾಡುಪ್ರಾಣಿ ದಾಳಿಯನ್ನೂ ಈ ಪಟ್ಟಿಗೆ ಸೇರಿಸುವುದಾಗಿ, 2018ರಲ್ಲಿ ಕೈಬಿಟ್ಟಿದ್ದ ಭತ್ತದ ಗದ್ದೆ ಮುಳುಗಡೆಯನ್ನು ಮರಳಿ ತರುವುದಾಗಿ ಕೇಂದ್ರ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಯಾವ ಪ್ರಾಣಿ, ಯಾವ ಪ್ರದೇಶ ಎಂಬುದನ್ನು ಗುರುತಿಸಿ ಅಧಿಸೂಚಿಸುವ ಹೊಣೆ ರಾಜ್ಯದ್ದು. ರಾತ್ರಿ ಆನೆ ತುಳಿದುಹೋದ ಗದ್ದೆಯಲ್ಲಿ ಬೆಳಗ್ಗೆ ನಿಂತವನಿಗೆ ಆ ಅಧಿಸೂಚನೆಯಲ್ಲಿ ತನ್ನ ಪಂಚಾಯ್ತಿಯ ಹೆಸರಿದೆಯೇ ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ.