ಫೆರಾರಿಯ ಮಾರಿಗೆ ಕಪ್ಪು ಪಟ್ಟಿ ಯಾಕೆ?

2024ರ ಮೇ ತಿಂಗಳಲ್ಲಿ ಫೆರಾರಿ ಕಂಪನಿ ಅಮೆರಿಕದ ಮಯಾಮಿಯಲ್ಲಿ ಹೊಸ ಗಾಡಿಯೊಂದನ್ನು ತೋರಿಸಿತು. ಹೆಸರು ಡೋಡಿಚಿ ಚಿಲಿಂದ್ರಿ, ಅಂದರೆ ಹನ್ನೆರಡು ಸಿಲಿಂಡರ್. ಫೋಟೊ ಹೊರಬಿದ್ದದ್ದೇ ತಡ, ಕಾರಿನ ಹುಚ್ಚು ಹತ್ತಿದವರೆಲ್ಲ ಎರಡು ಪಾರ್ಟಿಯಾದರು. ಒಂದು ಪಾರ್ಟಿಗೆ ಅದು ವರ್ಷಗಳಿಂದ ಕಾದಿದ್ದ ಚೆಲುವೆ. ಇನ್ನೊಂದು ಪಾರ್ಟಿಗೆ ಅದರ ಮೂತಿಯ ಮೇಲಿನ ಕಪ್ಪು ಪಟ್ಟಿ ನೋಡಿದರೇ ಆಗುವುದಿಲ್ಲ.

ಕಲಬುರಗಿಯಲ್ಲೂ ಇದರ ಬಿಸಿ ತಟ್ಟಿತು. ಸೇಡಂ ರಸ್ತೆ ಕಡೆಯ ಒಂದು ವೀಲ್ ಅಲೈನ್‌ಮೆಂಟ್ ಅಂಗಡಿ ನಮ್ಮೂರಿನ ಕಾರುಪ್ರಿಯರ ಅಡ್ಡಾ. ಇಂಜಿನಿಯರಿಂಗ್ ಓದುವ ಹುಡುಗರು, ದಾಲ್ ಮಿಲ್ ಮನೆತನದ ಒಬ್ಬಿಬ್ಬರು, ಸುಮ್ನೆ ಚಹಾ ಕುಡಿಯಲು ಬರುವ ನನ್ನಂಥವರು ಅಲ್ಲಿ ಸೇರುತ್ತಾರೆ. "ಮಾರಿಗಿ ಕಪ್ಪು ಅರಬಿ ಕಟ್ಟಿದಂಗ ಅದ ನೋಡ್ರಿ ಉಸ್ತಾದ್" ಎಂದ ಒಬ್ಬ ಹುಡುಗ ಫೋನ್ ಮುಂದೆ ಹಿಡಿದು. ಮಿಸ್ತ್ರಿ ಕನ್ನಡಕ ಏರಿಸಿ ನೋಡಿದರು. "ಮಾರಿ ಬಿಡು ತಮ್ಮಾ. ಮುಂದಿನ ಗಾಲಿ ಎಲ್ಲದ, ಬಾಗಿಲ ಎಲ್ಲದ ನೋಡು. ಇಂಜಿನ್ ಭಾಳ ಹಿಂದಕ್ಕ ಕುಂತದ."

ಅವರು ಕಂಡದ್ದು ಸರಿ. ವಿ-12 ಇಂಜಿನ್ ಅಂದರೆ ಆರಾರು ಸಿಲಿಂಡರ್‌ಗಳ ಎರಡು ಸಾಲು. ಉದ್ದಕ್ಕೆ ಬಹಳ ಜಾಗ ಬೇಕು. ಅದನ್ನು ಮುಂದಿನ ಆಕ್ಸಲ್‌ನ ಹಿಂದಕ್ಕೆ ತಳ್ಳಿ ಕೂರಿಸಿದ್ದಾರೆ. ಹಾಗಾಗಿ ಬಾನೆಟ್ ಉದ್ದವಾಯಿತು, ಡ್ರೈವರ್ ಹಿಂದಿನ ಗಾಲಿಯ ಹತ್ತಿರಕ್ಕೆ ಸರಿದ, ಮುಂದಿನ ಗಾಲಿಗೂ ಬಾಗಿಲಿಗೂ ನಡುವೆ ದೊಡ್ಡ ಅಂತರ ಬಿತ್ತು. ಇಂಜಿನ್ ಮುಂದಿರುವ ದೊಡ್ಡ ಸ್ಪೋರ್ಟ್ಸ್ ಕಾರಿನ ಗತ್ತು ಅಂತ ನಾವು ಮೆಚ್ಚುವುದು ಬಹುಪಾಲು ಈ ಅಂತರವನ್ನೇ. ನಮ್ಮ ಸಣ್ಣ ಕಾರುಗಳಲ್ಲಿ ಇಂಜಿನ್ ಅಡ್ಡಕ್ಕೆ ಕೂತಿರುತ್ತದೆ. ಅಲ್ಲಿ ಗಾಲಿ ಬಾಗಿಲಿಗೆ ಅಂಟಿಕೊಂಡಂತಿರುತ್ತದೆ.

ಇನ್ನು ಆ ಕಪ್ಪು ಪಟ್ಟಿ. 1968ರಲ್ಲಿ ಬಂದ ಫೆರಾರಿ 365 ಜಿಟಿಬಿ/4 ಗಾಡಿಯನ್ನು ಅಭಿಮಾನಿಗಳು ಡೇಟೋನಾ ಅಂತ ಕರೆಯುತ್ತಾರೆ. ಅದರ ಮೊದಮೊದಲ ಗಾಡಿಗಳಿಗೆ ಮೂತಿಯ ಈ ತುದಿಯಿಂದ ಆ ತುದಿಯವರೆಗೆ ಪ್ಲೆಕ್ಸಿಗ್ಲಾಸ್ (ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್) ಪಟ್ಟಿ ಇತ್ತು, ದೀಪಗಳು ಅದರ ಹಿಂದೆ. ಹೊಸ ಗಾಡಿ ಅದನ್ನೇ ನೆನಪಿಸುತ್ತದೆ. ಆದರೆ ಹಳೆಯ ನೆನಪಿಗಾಗಿ ಮಾತ್ರ ಪಟ್ಟಿ ಬಳಿದರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ರಸ್ತೆಯಲ್ಲಿ ನಡೆಯುವವರಿಗೆ ಕಾರು ಬಡಿದರೆ ತಲೆಗೆ ಗಟ್ಟಿ ಲೋಹ ತಾಗಬಾರದು, ಬಾನೆಟ್‌ಗೂ ಇಂಜಿನ್‌ಗೂ ನಡುವೆ ಖಾಲಿ ಜಾಗ ಇರಬೇಕು. ಯುರೋಪಿನಲ್ಲಿ ಇದಕ್ಕೆ ಬಿಗಿ ನಿಯಮಗಳಿವೆ. ಅದರಿಂದ ಇವತ್ತಿನ ಕಾರುಗಳ ಮೂತಿ ಐವತ್ತು ವರ್ಷದ ಹಿಂದಿನಷ್ಟು ತೆಳ್ಳಗಿರಲು ಸಾಧ್ಯವಿಲ್ಲ. ಕಪ್ಪು ಬಣ್ಣದ ಮೇಲೆ ಬಿದ್ದ ಬೆಳಕು ಹೆಚ್ಚಾಗಿ ವಾಪಸ್ ಬರುವುದಿಲ್ಲ. ಉಬ್ಬು ತಗ್ಗು ಕಣ್ಣಿಗೆ ಸಿಗುವುದಿಲ್ಲ. ದಪ್ಪ ಮೂತಿಯ ನಡುವೆ ಕಪ್ಪು ಪಟ್ಟಿ ಎಳೆದರೆ ಮೇಲಿನ ಭಾಗವಷ್ಟೇ ಎದ್ದು ಕಂಡು, ಮೂತಿ ತೆಳ್ಳಗಾದಂತೆ ಕಾಣುತ್ತದೆ. ಬಿಳಿ ಗಾಡಿಯಲ್ಲಿ ಪಟ್ಟಿ ಕಣ್ಣಿಗೆ ಹೊಡೆಯುತ್ತದೆ, ಕಡು ಬಣ್ಣದ ಗಾಡಿಯಲ್ಲಿ ಕರಗಿಹೋಗುತ್ತದೆ. ಅಂಗಡಿಯ ಜಗಳದಲ್ಲಿ ಅರ್ಧ ಜಗಳ ಯಾರು ಯಾವ ಬಣ್ಣದ ಫೋಟೊ ನೋಡಿದ್ದರು ಎಂಬುದರ ಮೇಲೇ ನಿಂತಿತ್ತು!

ಚೆಂದದ ವಿಷಯದಲ್ಲಿ ಅಭಿಮಾನಿಗಳಿಗಿಂತ ಮೊಂಡ ವಿಮರ್ಶಕ ಒಬ್ಬನಿದ್ದಾನೆ. ಅವನ ಹೆಸರು ಗಾಳಿ. ಕಾರಿನ ವೇಗ ಎರಡು ಪಟ್ಟಾದರೆ ಗಾಳಿ ತಡೆಯುವ ಬಲ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟು. ಸಾಧಾರಣ ಆಕಾರದ ಕಾರಿಗೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಳಿ ಸೀಳಲು 10-12 ಹಾರ್ಸ್‌ಪವರ್ ಸಾಕು. 300ಕ್ಕೆ ಅದರ 27 ಪಟ್ಟು, ಅಂದರೆ ಮುನ್ನೂರರ ಆಸುಪಾಸು ಬೇಕು. ಈ ಫೆರಾರಿಗೆ 830 ಹಾರ್ಸ್‌ಪವರ್ ಯಾಕಪ್ಪಾ ಅಂತ ಕೇಳುವವರು ಈ ಲೆಕ್ಕ ಒಮ್ಮೆ ಹಾಕಬೇಕು. ಗಂಟೆಗೆ 340 ಕಿ.ಮೀ. ದಾಟುವ ಗಾಡಿ ಅದು.

ತಡೆಯುವುದಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಗಾಳಿ ಎತ್ತಲೂ ನೋಡುತ್ತದೆ. ಬೀದರ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಾಯುಪಡೆಯ ಕಸರತ್ತು ತಂಡ ಸೂರ್ಯಕಿರಣ್‌ನ ಹಾಕ್ ವಿಮಾನಗಳು ಅಲ್ಲಿನ ವಾಯುನೆಲೆಯಿಂದಲೇ ಏಳುತ್ತವೆ. ರೆಕ್ಕೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಬೆನ್ನ ಮೇಲೆ ಗಾಳಿ ಜೋರಾಗಿ ಹರಿದು ಒತ್ತಡ ಇಳಿಯುತ್ತದೆ, ರೆಕ್ಕೆ ಮೇಲೇಳುತ್ತದೆ. ಈಗ ಒಂದು ಚೆಂದದ ಕಾರನ್ನು ಪಕ್ಕದಿಂದ ನೋಡಿ. ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಕಣ್ಣಿಗೆ ಹಿತವಾದ ಆ ಒಂದೇ ಗೆರೆಯ ಬಾಗು ಗಾಡಿಯನ್ನು ನೆಲದಿಂದ ಎತ್ತಲು ಹೇಳಿ ಮಾಡಿಸಿದಂತಿದೆ.

1998ರಲ್ಲಿ ಬಂದ ಮೊದಲ ಆಡಿ ಟಿಟಿ ಇದಕ್ಕೆ ಒಳ್ಳೆಯ ಉದಾಹರಣೆ. ದುಂಡಗೆ, ನುಣ್ಣಗೆ, ಹಿಂದೆ ಒಂದು ರೆಕ್ಕೆಯೂ ಇಲ್ಲದ ಗಾಡಿ. ವಿನ್ಯಾಸಕ್ಕೆ ಲೋಕವೇ ಮಾರುಹೋಯಿತು. ಆದರೆ ಜರ್ಮನಿಯ ಹೆದ್ದಾರಿಗಳಲ್ಲಿ ಅತಿವೇಗದಲ್ಲಿ ತಟ್ಟನೆ ಲೇನ್ ಬದಲಿಸಿದಾಗ ಹಿಂಭಾಗ ಹಗುರಾಗಿ ಗಾಡಿ ಗಿರಕಿ ಹೊಡೆಯತೊಡಗಿತು. ಜೀವಗಳೂ ಹೋದವು. ಕಂಪನಿ ಮಾರಿದ ಗಾಡಿಗಳನ್ನು ವಾಪಸ್ ಕರೆಸಿ, ಸಸ್ಪೆನ್ಷನ್ ಬದಲಿಸಿ, ಹಿಂದೆ ಒಂದು ಸಣ್ಣ ಸ್ಪಾಯ್ಲರ್, ಅಂದರೆ ಗಾಳಿ ಗಾಡಿಯನ್ನು ಎತ್ತದಂತೆ ತಡೆಯುವ ತುಟಿಯಂಥ ಅಂಚು, ಕೂರಿಸಿತು. ಚೆಂದ ಕೆಟ್ಟಿತು ಅಂತ ಗೊಣಗಿದವರು ಆಗಲೂ ಇದ್ದರು. ನನಗೆ ಮಾತ್ರ ಆ ಸಣ್ಣ ತುಟಿ ಇರುವ ಟಿಟಿಯೇ ಜಾಸ್ತಿ ಇಷ್ಟ.

ಹೊಸ ಫೆರಾರಿಯಲ್ಲಿ ದೊಡ್ಡ ರೆಕ್ಕೆ ಕಾಣುವುದಿಲ್ಲ. ಹಿಂದಿನ ಎರಡು ಮೂಲೆಗಳಲ್ಲಿ ಕಪ್ಪು ಹಲಗೆಗಳಿವೆ. ಗಂಟೆಗೆ 60ರಿಂದ 300 ಕಿ.ಮೀ. ವೇಗದ ನಡುವೆ ಬೇಕೆನಿಸಿದಾಗ ಅವು ಏಳುತ್ತವೆ. 250ರ ವೇಗದಲ್ಲಿ ಸುಮಾರು 50 ಕೆ.ಜಿ.ಯಷ್ಟು ಒತ್ತಡವನ್ನು ಹಿಂಭಾಗದ ಮೇಲೆ ಹೇರುತ್ತವೆ. ಗಾಡಿಯ ತೂಕ ಏರದೆ ಟೈರಿನ ಹಿಡಿತ ಮಾತ್ರ ಏರುತ್ತದೆ, ಲಾಭ ಇರುವುದು ಅಲ್ಲೇ. 300 ದಾಟಿದ ಮೇಲೆ ಹಲಗೆ ಮಲಗುತ್ತವೆ, ಯಾಕಂದರೆ ಆಗ ಗಾಳಿಯ ತಡೆಯೇ ದೊಡ್ಡ ಶತ್ರು. "ಹಿಂದಿನ ಕಪ್ಪು ತ್ರಿಕೋನ ಯಾಕ ಬೇಕಿತ್ತು?" ಅಂತ ಕೇಳಿದ ಹುಡುಗನಿಗೆ ಉತ್ತರ ಇಷ್ಟೇ.

ನಮ್ಮ ಕಡೆಗೆ ಬಂದರೆ ಇನ್ನೊಂದು ತಾಪತ್ರಯ ಇದೆ: ಬೇಸಿಗೆ. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. ಡಿಸೆಂಬರ್ ಬೆಳಗಿನ 15 ಡಿಗ್ರಿಯಲ್ಲಿ ಇರುವುದಕ್ಕಿಂತ ಮೇ ಮಧ್ಯಾಹ್ನದ 45 ಡಿಗ್ರಿಯಲ್ಲಿ ಅಷ್ಟೇ ಜಾಗದ ಗಾಳಿ ಸುಮಾರು ಹತ್ತನೇ ಒಂದು ಪಾಲು ಹಗುರ. ಆಮ್ಲಜನಕವೂ ಅಷ್ಟೇ ಕಡಿಮೆ. ಟರ್ಬೊ ಇರುವ ಇಂಜಿನ್ ಗಾಳಿಯನ್ನು ಒತ್ತಿ ತುಂಬಿಕೊಂಡು ಸ್ವಲ್ಪ ಸುಧಾರಿಸಿಕೊಳ್ಳುತ್ತದೆ. ಈ ಫೆರಾರಿಗೆ ಟರ್ಬೊ ಇಲ್ಲ, ಬಂದಷ್ಟೇ ಗಾಳಿ. ರೇಡಿಯೇಟರ್ ಕತೆಯೂ ಅದೇ. ಒಳಗಿನ ನೀರು 100 ಡಿಗ್ರಿ, ಹೊರಗಿನ ಗಾಳಿ 25 ಇದ್ದರೆ ಅಂತರ 75. ನಮ್ಮಲ್ಲಿ 45 ಇದ್ದಾಗ ಅಂತರ 55. ಶಾಖ ಹೊರಹೋಗುವುದು ಕಾಲು ಭಾಗದಷ್ಟು ಕಡಿಮೆಯಾಗುತ್ತದೆ. 2005ರ ಬುಗಾಟಿ ವೇರಾನ್ ಗಾಡಿಗೆ ಹತ್ತು ರೇಡಿಯೇಟರ್ ಇಟ್ಟದ್ದು ಶೋಕಿಗಲ್ಲ. ದುಬಾರಿ ಕಾರಿನ ಮೈಮೇಲೆ ಅಲ್ಲಲ್ಲಿ ಕಾಣುವ ತೂತುಗಳಲ್ಲಿ ಕೆಲವು ಬರೀ ಅಲಂಕಾರ, ಒಪ್ಪುತ್ತೇನೆ. ಆದರೆ ನಿಜವಾದ ತೂತು ಯಾವುದು ಅಂತ ಗುರುತಿಸಲು ಬೆರಳು ಹಾಕಿ ನೋಡಿದರೆ ಸಾಕು.

ಸರಿ, ಓಡಿಸುವ ಖುಷಿಗೆ ಬರೋಣ. ಜಾಹೀರಾತುಗಳು ಹಿಡಿದು ಎಳೆದಾಡುವ ಅಂಕಿ ಒಂದೇ: ಸೊನ್ನೆಯಿಂದ ನೂರಕ್ಕೆ 2.9 ಸೆಕೆಂಡ್. ಲೆಕ್ಕ ಹಾಕಿದರೆ ವೇಗ ಪ್ರತಿ ಸೆಕೆಂಡಿಗೆ 9.6 ಮೀಟರ್/ಸೆಕೆಂಡ್‌ನಷ್ಟು ಏರುತ್ತದೆ. ಮೇಲಿನಿಂದ ಬಿಟ್ಟ ವಸ್ತು ಬೀಳುವಾಗ ವೇಗ ಏರುವುದು 9.8ರಂತೆ. ಅಂದರೆ ನೆಲದ ಮೇಲೆ ಅಡ್ಡಡ್ಡ ಬಿದ್ದ ಹಾಗೆ! ನಮ್ಮ ಕಿವಿಯೊಳಗೆ, ಕೇಳಿಸಿಕೊಳ್ಳುವ ಭಾಗದ ಪಕ್ಕದಲ್ಲೇ, ಮೆತ್ತನೆಯ ಪದರದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಟ್ಟ ಪುಟ್ಟ ಹರಳುಗಳಿವೆ. ಗಾಡಿ ಮುಂದೆ ಜಿಗಿದಾಗ ಹರಳುಗಳು ಹಿಂದೆ ಉಳಿಯುತ್ತವೆ. ಕೆಳಗಿನ ಕೂದಲಿನಂಥ ಎಳೆಗಳು ಬಾಗಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಹೊಟ್ಟೆಯಲ್ಲಿ ಝುಂ ಅನ್ನುವ ಅನುಭವಕ್ಕೆ ದೊಡ್ಡ ಕಾರಣ ಈ ಸುದ್ದಿ. ಆದರೆ ಹರಳುಗಳಿಗೆ ತಿಳಿಯುವುದು ವೇಗದ ಬದಲಾವಣೆ ಮಾತ್ರ. ಒಂದೇ ವೇಗದಲ್ಲಿ ಸಾಗುವಾಗ, ಅದು 80 ಇರಲಿ 280 ಇರಲಿ, ಅವು ತೆಪ್ಪಗೆ ಕೂತಿರುತ್ತವೆ. ಆದ್ದರಿಂದ ಪಿಕಪ್‌ನ ರೋಮಾಂಚನ ಕೆಲವೇ ಸೆಕೆಂಡಿನದು. ಈಗಿನ ಎಲೆಕ್ಟ್ರಿಕ್ ಕಾರುಗಳು ಅದನ್ನು ಇದಕ್ಕಿಂತ ಅಗ್ಗಕ್ಕೆ ಕೊಡುತ್ತಿವೆ. ನನ್ನ ಕೇಳಿದರೆ, ಸ್ಪೋರ್ಟ್ಸ್ ಕಾರಿನ ಬಗ್ಗೆ ಹೇಳಬಹುದಾದ ಅತಿ ಸಪ್ಪೆ ಸಂಗತಿ ಈ ಸೊನ್ನೆಯಿಂದ ನೂರು.

ಕಣ್ಣಿನ ಪಾತ್ರ ಕಿವಿಗಿಂತ ಚುರುಕು. ಸೀಟು ನೆಲಕ್ಕೆ ಹತ್ತಿರ ಇದ್ದಷ್ಟೂ ರಸ್ತೆಯ ಜಲ್ಲಿ, ಬಿಳಿ ಪಟ್ಟಿ ಕಣ್ಣ ಮುಂದೆ ಬೇಗ ಬೇಗ ಹರಿಯುತ್ತವೆ. ಅದೇ ವೇಗ ಹೆಚ್ಚು ಅನಿಸುತ್ತದೆ. ಎತ್ತರದ ಎಸ್‌ಯುವಿಯಲ್ಲಿ 100ರಲ್ಲಿ ಹೋಗುವವರಿಗೆ ನಿದ್ದೆ ಬರುತ್ತದೆ, ಹಳೆಯ ಮಾರುತಿ 800ರಲ್ಲಿ ಅದೇ ವೇಗಕ್ಕೆ ದೇವರು ನೆನಪಾಗುತ್ತಿದ್ದ.

ಇನ್ನು ತಿರುವು. ಓಡಿಸಿ ಬಲ್ಲವರು ಹೊಗಳುವುದು ಇದನ್ನೇ, ಓಡಿಸದವರಿಗೆ ಅರ್ಥವಾಗದಿರುವುದೂ ಇದೇ. ನಮ್ಮ ರೈತರು ತೊಗರಿ ಚೀಲವನ್ನು ಟಿವಿಎಸ್ ಎಕ್ಸೆಲ್ ಮೇಲೆ ಹೇರುವುದನ್ನು ನೋಡಿದ್ದೀರಲ್ವಾ? ಚೀಲ ಎರಡು ಕಾಲಿನ ನಡುವೆ ಇದ್ದರೆ ಗಾಡಿ ಹೇಳಿದ ಮಾತು ಕೇಳುತ್ತದೆ. ಅದೇ ಚೀಲ ಹಿಂದಿನ ಕ್ಯಾರಿಯರ್ ತುದಿಗೆ ಹೋದರೆ ಹ್ಯಾಂಡಲ್ ತಿರುಗಿಸಿದ ಮೇಲೆ ಗಾಡಿ ಯೋಚನೆ ಮಾಡಿ ತಿರುಗುತ್ತದೆ, ತಿರುಗಿದ್ದು ನಿಲ್ಲುವುದಿಲ್ಲ. ಭಾರ ಎಷ್ಟು ಎಂಬುದಕ್ಕಿಂತ ನಡುವಿನಿಂದ ಎಷ್ಟು ದೂರ ಇದೆ ಎಂಬುದು ಇಲ್ಲಿ ಮುಖ್ಯ. ದೂರ ಎರಡು ಪಟ್ಟಾದರೆ ತಿರುಗಿಸಲು ಆಗುವ ಅಡ್ಡಿ ನಾಲ್ಕು ಪಟ್ಟು. ಇಷ್ಟುದ್ದ ಇಂಜಿನ್ ಇಟ್ಟುಕೊಂಡೂ ಫೆರಾರಿಯ ತೂಕ ಮುಂದೆ ಶೇ. 48.4, ಹಿಂದೆ ಶೇ. 51.6 ಹಂಚಿಹೋಗಿದೆ. ಇಂಜಿನ್ ಆಕ್ಸಲ್‌ನ ಹಿಂದೆ, ಗೇರ್‌ಬಾಕ್ಸ್ ಹಿಂದಿನ ಗಾಲಿಗಳ ಬಳಿ. ಅದರ ಮೇಲೆ ಹಿಂದಿನ ಗಾಲಿಗಳೂ ಸ್ವಲ್ಪ ತಿರುಗುತ್ತವೆ. ಮಿಸ್ತ್ರಿ ಇದನ್ನು ಕೇಳಿ ತಲೆ ಮೇಲೆ ಕೈ ಇಟ್ಟುಕೊಂಡರು: "ನಾಕೂ ಗಾಲಿ ಹೊಳ್ಳತಾವ? ಅಲೈನ್‌ಮೆಂಟ್ ಯಾರ ಮಾಡಬೇಕ್ರಿ?"

ಈ ಚುರುಕಿಗೆ ಕೋಟಿಗಳೇನೂ ಬೇಕಿಲ್ಲ. 1989ರಲ್ಲಿ ಬಂದ ಜಪಾನಿನ ಮಾಜ್ದಾ ಎಂಎಕ್ಸ್-5 ಒಂದು ಟನ್ ಕೂಡ ತೂಗುತ್ತಿರಲಿಲ್ಲ, ಶಕ್ತಿಯೂ ಅಷ್ಟಕ್ಕಷ್ಟೇ. ಆದರೂ ತಿರುವಿನಲ್ಲಿ ಅದರ ಚುರುಕನ್ನು ಫೆರಾರಿ ಇಟ್ಟುಕೊಂಡವರೂ ಮೆಚ್ಚುತ್ತಾರೆ. ಹಗುರ ಇರುವುದು, ಭಾರ ನಡುವೆ ಇರುವುದು, ಸ್ಟೇರಿಂಗ್ ಮೂಲಕ ರಸ್ತೆಯ ಸುದ್ದಿ ಕೈಗೆ ಬರುವುದು. ಈ ಮೂರೂ ಇದ್ದರೆ 60ರ ವೇಗದಲ್ಲೂ ಖುಷಿ ಇದೆ.

ಆದರೆ ರಸ್ತೆ? ಬೀದರ್ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿ ಮೇಲೆ ಕೂತಿದೆ. ಅಲ್ಲಿಂದ ಹುಮನಾಬಾದ್ ದಾಟಿ ಕಲಬುರಗಿ ಕಡೆ ಇಳಿದಂತೆ ಎರೆಭೂಮಿ ಶುರು. ಎರೆಮಣ್ಣಿನ ಜೇಡಿ ಪದರ ಪದರವಾಗಿರುತ್ತದೆ. ಮಳೆಗಾಲದಲ್ಲಿ ನೀರು ಪದರಗಳ ನಡುವೆ ನುಗ್ಗಿ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕಾಲು ಸಿಗುವಷ್ಟು ಬಿರುಕು ಬಿಡುತ್ತದೆ. ಡಾಂಬರಿನ ನಡುಭಾಗದ ಅಡಿ ಒಣಗಿದ್ದು, ಅಂಚುಗಳಷ್ಟೇ ನೆನೆದರೆ ರಸ್ತೆ ಅಲೆ ಅಲೆಯಾಗುತ್ತದೆ. ಹೊಸ ರಸ್ತೆ ಎರಡು ಮಳೆಗಾಲಕ್ಕೇ ಕುಣಿಸುವುದು ಯಾಕೆ ಅಂದರೆ ಕಾಂಟ್ರಾಕ್ಟರ್ ಜೊತೆ ಈ ಜೇಡಿಯದೂ ಪಾಲಿದೆ. ನೆಲದಿಂದ ಗೇಣೂ ಮೇಲಿಲ್ಲದ ಗಾಡಿಗೆ ಇಂಥ ಅಲೆ ಕಷ್ಟ. ದುಬಾರಿ ಕಾರುಗಳಲ್ಲಿ ಇದಕ್ಕೊಂದು ಜಾಣ ಉಪಾಯ ಇದೆ: ಶಾಕಬ್ಸರ್ ಎಣ್ಣೆಯಲ್ಲಿ ಕಬ್ಬಿಣದ ಕಣ ಬೆರೆಸಿ, ಸುತ್ತ ವಿದ್ಯುತ್ ಸುರುಳಿ ಇಡುವುದು. ವಿದ್ಯುತ್ ಹರಿದೊಡನೆ ಕಣಗಳು ಸಾಲುಗಟ್ಟಿ ಎಣ್ಣೆ ಗಟ್ಟಿಯಾಗುತ್ತದೆ, ನಿಲ್ಲಿಸಿದರೆ ಮತ್ತೆ ತೆಳು, ಎಲ್ಲವೂ ಕೆಲವೇ ಮಿಲಿಸೆಕೆಂಡುಗಳಲ್ಲಿ. 2002ರಲ್ಲಿ ಕ್ಯಾಡಿಲಾಕ್ ಇದನ್ನು ಮೊದಲು ಕಾರಿಗೆ ತಂದಿತು. ಫೆರಾರಿ 2006ರ 599 ಗಾಡಿಯಲ್ಲಿ ಬಳಸಿತು. ರಸ್ತೆಯ ಅಲೆ ಹೀಗೆ ಪಳಗೀತು. ಹಂಪ್ ಬೇರೆ ಮಾತು. ರಸ್ತೆ ಇಂಜಿನಿಯರುಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಊರುಗಳ ಹಂಪ್‌ಗೆ ಮಾನದಂಡ ಅದನ್ನು ಹಾಕಿದವರ ಸಿಟ್ಟು.

ಕೊನೆಗೆ ಉಳಿದದ್ದು ಸದ್ದು. ಹೊಸ ಗಾಡಿ ಓಡಿಸಿದವರಲ್ಲಿ ಕೆಲವರು ಹಿಂದಿನ ಮಾಡೆಲ್‌ನಷ್ಟು ಗರ್ಜನೆ ಇಲ್ಲ ಅಂತ ಕೊರಗಿದ್ದಾರೆ. ಹೊಗೆಯ ಕಣ ಹಿಡಿಯುವ ಫಿಲ್ಟರ್, ಬಿಗಿಯಾದ ಶಬ್ದದ ನಿಯಮ, ಎರಡೂ ಸೇರಿ ಸದ್ದನ್ನು ನುಂಗುತ್ತವೆ. ಆದರೆ ಸದ್ದಿನ ಶ್ರುತಿಯನ್ನು ಅವು ಬದಲಿಸಲಾರವು. ಇಂಜಿನ್ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, ಒಂದು ಸುತ್ತು ಸುತ್ತಿದರೆ ವಿ-12ರಲ್ಲಿ ಆರು ಸಲ ಇಂಧನ ಉರಿಯುತ್ತದೆ. ಈ ಇಂಜಿನ್ ನಿಮಿಷಕ್ಕೆ 9,500 ಸುತ್ತು ಹೋಗಬಲ್ಲದು. ಅಂದರೆ ಸೆಕೆಂಡಿಗೆ 950 ಸ್ಫೋಟ. ಬಿಡಿ ಬಿಡಿ ಏಟು ಕಿವಿಗೆ ಸಿಗುವುದೇ ಇಲ್ಲ, ಒಂದೇ ಏರು ಸ್ವರವಾಗಿ ಕೇಳುತ್ತದೆ. ಸೂಪರ್ ಮಾರ್ಕೆಟ್ ಮುಂದೆ ನಿಂತ ಬುಲೆಟ್‌ಗೆ ಒಂದೇ ಸಿಲಿಂಡರ್, ಎರಡು ಸುತ್ತಿಗೆ ಒಂದು ಸ್ಫೋಟ. ನಿಮಿಷಕ್ಕೆ 1,000 ಸುತ್ತಿನಲ್ಲಿ ಗುರುಗುಟ್ಟುತ್ತಿದ್ದರೆ ಸೆಕೆಂಡಿಗೆ ಎಂಟು ಏಟು. ಸೆಕೆಂಡಿಗೆ ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ ನಮ್ಮ ಕಿವಿ ಅವನ್ನು ಸ್ವರ ಮಾಡುವುದಿಲ್ಲ, ಒಂದೊಂದೇ ಎಣಿಸುತ್ತದೆ. ಬುಲೆಟ್ ಪ್ರೇಮಿಗಳಿಗೆ ಬೇಕಾದದ್ದು ತಾಳ, ಫೆರಾರಿ ಪ್ರೇಮಿಗಳಿಗೆ ಸ್ವರ. ಇಬ್ಬರನ್ನೂ ಎದುರು ಬದುರು ಕೂರಿಸಿದರೆ ಚಹಾ ಆರುವವರೆಗೂ ಒಪ್ಪಂದ ಆಗುವುದಿಲ್ಲ.

ಫೋನ್ ಹುಡುಗರಿಗೆ ಒಂದು ಸಮಾಧಾನ. ಮೊಬೈಲಿನ ಚಿಕ್ಕ ಸ್ಪೀಕರ್ ಮಂದ್ರದ ಸದ್ದನ್ನು ಹೊರಡಿಸಲಾರದು, ಆದರೆ ಸೆಕೆಂಡಿಗೆ 950 ಕಂಪನದ ಸ್ವರ ಅದಕ್ಕೆ ಸಲೀಸು. ಹಾಗಾಗಿ ಫೆರಾರಿಯ ಏರು ದನಿ ಫೋನಿನಲ್ಲೂ ಚೆನ್ನಾಗಿಯೇ ಕೇಳುತ್ತದೆ. ಬುಲೆಟ್‌ನ ವಿಡಿಯೊ ಹಾಕಿದರೆ ಮಾತ್ರ ಎದೆಗೆ ಬಡಿಯುವ ಭಾಗ ಮಾಯವಾಗಿ, ತಗಡು ಕುಟ್ಟಿದಂತೆ ಕೇಳಿಸುತ್ತದೆ.