ಸಿಗರೇಟಿನ ಆಸ್ಪತ್ರೆ ಬಿಲ್ಲು ಕಟ್ಟುವವರು

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಮೈಕ್ ಲೂಯಿಸ್ ಎಂಬ ವಕೀಲರಿದ್ದರು. 1993ರಲ್ಲಿ ಅವರು ತಮ್ಮ ಕಚೇರಿಯ ಸಹಾಯಕಿಯ ತಾಯಿಯನ್ನು ನೋಡಲು ಆಸ್ಪತ್ರೆಗೆ ಹೋದರು. ವರ್ಷಗಟ್ಟಲೆ ಸಿಗರೇಟು ಸೇದಿದ್ದ ಆಕೆಯ ಹೃದಯ ಸೋತುಹೋಗಿತ್ತು. ಚಿಕಿತ್ಸೆಯ ಖರ್ಚನ್ನು ಸರ್ಕಾರದ ವಿಮೆ ಭರಿಸುತ್ತಿತ್ತು. ಆಸ್ಪತ್ರೆಯಿಂದ ಹೊರಬರುವಾಗ ಲೂಯಿಸ್ ತಲೆಯಲ್ಲಿ ಒಂದು ಪ್ರಶ್ನೆ ಕೂತಿತ್ತು. ಲಾಭ ಮಾಡಿಕೊಂಡದ್ದು ಸಿಗರೇಟು ಕಂಪನಿ. ಬಿಲ್ಲು ಮಾತ್ರ ಸೇದದವರೂ ಸೇರಿ ಎಲ್ಲರೂ ಕಟ್ಟಬೇಕೇ?

ಆ ವಿಮೆಯ ಹೆಸರು ಮೆಡಿಕೇಡ್. ಬಡವರಿಗಾಗಿ ಅಲ್ಲಿನ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸೇರಿ ನಡೆಸುವ ಯೋಜನೆ. 65 ವರ್ಷ ದಾಟಿದವರಿಗೆ ಮೆಡಿಕೇರ್ ಎಂಬ ಇನ್ನೊಂದಿದೆ. ಎರಡೂ ಹುಟ್ಟಿದ್ದು 1965ರಲ್ಲಿ. ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂದು ಅಮೆರಿಕ ಸರ್ಕಾರದ ಮುಖ್ಯ ವೈದ್ಯಾಧಿಕಾರಿ (ಸರ್ಜನ್ ಜನರಲ್) ಲೂಥರ್ ಟೆರಿ ವರದಿ ಕೊಟ್ಟಿದ್ದು ಅದಕ್ಕೆ ಒಂದೇ ವರ್ಷ ಹಿಂದೆ, 1964ರ ಜನವರಿಯಲ್ಲಿ. ಹಾಗಾಗಿ ಈ ವಿಮೆಗಳು ಹುಟ್ಟಿದ ದಿನದಿಂದಲೇ ಸಿಗರೇಟಿನ ಸಾಲ ಹೊತ್ತುಕೊಂಡು ನಡೆದಿವೆ.

ಲೂಯಿಸ್ ತಮ್ಮ ಕಾನೂನು ಕಾಲೇಜಿನ ಗೆಳೆಯ ಮೈಕ್ ಮೂರ್ ಅವರಿಗೆ ವಿಷಯ ಹೇಳಿದರು. ಮೂರ್ ಆಗ ರಾಜ್ಯದ ಅಟಾರ್ನಿ ಜನರಲ್, ಅಂದರೆ ಸರ್ಕಾರದ ಪರ ಮೊಕದ್ದಮೆ ನಡೆಸುವ ಮುಖ್ಯ ವಕೀಲ. ಅಲ್ಲಿಯವರೆಗೆ ಕಾಯಿಲೆ ಬಿದ್ದವರು ಸಿಗರೇಟು ಕಂಪನಿಗಳ ಮೇಲೆ ಕೇಸು ಹಾಕಿ ಸೋಲುತ್ತಲೇ ಬಂದಿದ್ದರು. ‘ಸೇದು ಅಂತ ಯಾರು ಹೇಳಿದರು, ಗೊತ್ತಿದ್ದೂ ಸೇದಿದ್ದು ನೀನೇ ಅಲ್ವಾ’ ಎಂಬುದು ಕಂಪನಿಗಳ ವಾದ. ಆದರೆ ರಾಜ್ಯ ಸರ್ಕಾರ ಒಂದು ಸಿಗರೇಟನ್ನೂ ಸೇದಿಲ್ಲ. ಅದು ಬಿಲ್ಲು ಮಾತ್ರ ಕಟ್ಟಿದೆ. ಈ ಒಂದು ಎಳೆ ಹಿಡಿದು 1994ರ ಮೇ ತಿಂಗಳಲ್ಲಿ ಮೂರ್ ಮೊಕದ್ದಮೆ ಹೂಡಿದರು. ಅವರದೇ ರಾಜ್ಯದ ಗವರ್ನರ್ ಅದನ್ನು ತಡೆಯಲು ಕೋರ್ಟಿಗೆ ಹೋದರು. ಆದರೂ 1997ರಲ್ಲಿ ಕಂಪನಿಗಳು ಮಿಸಿಸಿಪ್ಪಿಗೆ ಸುಮಾರು 336 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡವು. ಫ್ಲಾರಿಡಾ, ಟೆಕ್ಸಸ್, ಮಿನ್ನೆಸೋಟ ರಾಜ್ಯಗಳೂ ರಾಜಿ ಮಾಡಿಕೊಂಡವು. ಉಳಿದ 46 ರಾಜ್ಯಗಳ ಜೊತೆ 1998ರ ನವೆಂಬರಿನಲ್ಲಿ ದೊಡ್ಡ ಒಪ್ಪಂದವೇ ಆಯಿತು. 25 ವರ್ಷಗಳಲ್ಲಿ ಸುಮಾರು 20,600 ಕೋಟಿ ಡಾಲರ್.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸೇದದವರಿಗೂ ಹಾರ್ಟ್ ಅಟ್ಯಾಕ್ ಆಗುತ್ತದೆ. ಹಾಗಿದ್ದಾಗ ಇಷ್ಟು ಖರ್ಚು ಸಿಗರೇಟಿನಿಂದಲೇ ಬಂತು ಅಂತ ಹೇಳುವುದು ಹೇಗೆ? ಲೆಕ್ಕ ಅಷ್ಟೇನೂ ಕಷ್ಟದ್ದಲ್ಲ. ಹತ್ತು ಸಾವಿರ ಜನರ ಒಂದು ಊರು ಇದೆ ಅಂದುಕೊಳ್ಳಿ. ಅದರಲ್ಲಿ 2,000 ಜನ ಸೇದುವವರು, 8,000 ಜನ ಸೇದದವರು. ಸೇದದವರಲ್ಲಿ ಸಾವಿರಕ್ಕೆ ಒಬ್ಬರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದರೆ ಒಟ್ಟು 8 ಜನ. ಸೇದುವವರಿಗೆ ಅಪಾಯ 20 ಪಟ್ಟು ಅಂತ ಇಟ್ಟುಕೊಂಡರೆ ಅವರಲ್ಲಿ 40 ಜನ. ಊರಿಗೆಲ್ಲ ಸೇರಿ 48. ಯಾರೂ ಸೇದದೇ ಇದ್ದಿದ್ದರೆ 10 ಜನಕ್ಕೆ ಬರುತ್ತಿತ್ತು. ಉಳಿದ 38 ಹೊಗೆಯ ಪಾಲು.

ಹೃದಯಾಘಾತಕ್ಕೆ ಇದೇ ಲೆಕ್ಕ ಹಾಕಿ. ಅಪಾಯ ಎರಡೇ ಪಟ್ಟು ಅಂತ ಇಟ್ಟುಕೊಂಡರೆ ಹೊಗೆಯ ಪಾಲು ಆರರಲ್ಲಿ ಒಂದು ಮಾತ್ರ. ಆದರೆ ಹೃದಯದ ಕಾಯಿಲೆ ತುಂಬಾ ಜನರಿಗೆ ಬರುತ್ತದೆ. ಹಾಗಾಗಿ ಆ ಆರನೇ ಒಂದು ಭಾಗವೇ ದೊಡ್ಡ ಮೊತ್ತ. ನಾವು ಸಿಗರೇಟು ಅಂದ ಕೂಡಲೇ ಕ್ಯಾನ್ಸರ್ ನೆನೆಯುತ್ತೇವೆ. ವಿಮೆಯ ಹಣ ಮಾತ್ರ ಹೃದಯ, ಪಾರ್ಶ್ವವಾಯು, ದಮ್ಮಿನ ಕಾಯಿಲೆ ಎಂದು ಹತ್ತು ಕಡೆಯಿಂದ ಸೋರುತ್ತಿರುತ್ತದೆ.

ಇಂಥ ಲೆಕ್ಕಗಳನ್ನು ಇನ್ನೂ ಸೂಕ್ಷ್ಮವಾಗಿ ಮಾಡಿದ ಒಂದು ಅಧ್ಯಯನ ಅಮೆರಿಕದಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದ ವರ್ಷದ ಆರೋಗ್ಯ ಖರ್ಚಿನಲ್ಲಿ ಶೇ 8.7ರಷ್ಟು ಸಿಗರೇಟಿನದು. ಅಂದರೆ ವರ್ಷಕ್ಕೆ ಸುಮಾರು 17,000 ಕೋಟಿ ಡಾಲರ್. ಅದರಲ್ಲಿ ಶೇ 60ಕ್ಕಿಂತ ಜಾಸ್ತಿ ಹಣ ಕೊಟ್ಟಿದ್ದು ಸರ್ಕಾರಿ ಯೋಜನೆಗಳು. ಮೆಡಿಕೇಡ್ ಒಂದನ್ನೇ ನೋಡಿದರೆ ಅದರ ಖರ್ಚಿನ ಶೇ 15.2 ಹೊಗೆಯ ಖಾತೆಗೆ ಹೋಗಿತ್ತು. ಬಡವರಲ್ಲಿ ಸೇದುವವರು ಹೆಚ್ಚು. ಬಡವರ ವಿಮೆಗೆ ಪೆಟ್ಟೂ ಹೆಚ್ಚು.

ಇದಕ್ಕೆ ಒಂದು ಪ್ರತಿವಾದ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಸೇದುವವರು ಬೇಗ ಸಾಯುತ್ತಾರೆ, ಮುಪ್ಪಿನ ಕಾಯಿಲೆಗಳ ಖರ್ಚು ಉಳಿಯುತ್ತದೆ ಎಂಬ ವಾದ. 1997ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಎಲ್ಲರೂ ಸೇದುವುದನ್ನು ಬಿಟ್ಟರೆ ಮೊದಮೊದಲು ಖರ್ಚು ಇಳಿಯುತ್ತದೆ. ಹಲವು ವರ್ಷಗಳ ನಂತರ ಜನ ಹೆಚ್ಚು ಕಾಲ ಬದುಕುವುದರಿಂದ ಖರ್ಚು ಮತ್ತೆ ಏರುತ್ತದೆ. ಅದು ಪ್ರಾಮಾಣಿಕ ಅಧ್ಯಯನ. ಆದರೆ ಈ ವಾದವನ್ನು ಫಿಲಿಪ್ ಮಾರಿಸ್ ಎಂಬ ಸಿಗರೇಟು ಕಂಪನಿ ಬಳಸಿದ ರೀತಿ ನೋಡಿ. ಜೆಕ್ ಗಣರಾಜ್ಯದಲ್ಲಿ ಅದು ಒಂದು ವರದಿ ಬರೆಸಿತು. ಜನ ಸಿಗರೇಟು ಸೇದಿದ್ದರಿಂದ 1999ರಲ್ಲಿ ಸರ್ಕಾರಕ್ಕೆ 580 ಕೋಟಿ ಕೊರುನಾ (ಅಲ್ಲಿನ ಹಣ) ಲಾಭವಾಯಿತು ಎಂದು ಆ ವರದಿ ಹೇಳಿತು. ತೆರಿಗೆಯ ಹಣದ ಜೊತೆಗೆ, ಜನ ಬೇಗ ಸತ್ತದ್ದರಿಂದ ಉಳಿದ ಪಿಂಚಣಿಯನ್ನೂ ಆಸ್ಪತ್ರೆ ಖರ್ಚನ್ನೂ ಲಾಭದ ಕಡೆ ಬರೆದಿದ್ದರು. 2001ರಲ್ಲಿ ಇದು ಹೊರಬಿದ್ದಾಗ ಎಲ್ಲೆಡೆ ಸಿಟ್ಟು ಎದ್ದಿತು. ಕಂಪನಿ ಕ್ಷಮೆ ಕೇಳಬೇಕಾಯಿತು.

ಈ ವರದಿಯ ಬಗ್ಗೆ ಮೊದಲು ಓದಿದಾಗ ನನಗೆ ಕರುಳು ಹಿಂಡಿದಂತಾಯಿತು. ಆ ಲೆಕ್ಕವನ್ನೇ ಒಪ್ಪಿದರೆ ಕ್ಷಯಕ್ಕೆ ಔಷಧ ಕೊಡುವುದೂ ನಷ್ಟ, ಮಗುವಿಗೆ ಲಸಿಕೆ ಹಾಕಿಸುವುದೂ ನಷ್ಟ. ಬದುಕಿದವರೆಲ್ಲ ಮುಂದೆ ಯಾವಾಗಲೋ ಕಾಯಿಲೆ ಬೀಳುತ್ತಾರಲ್ಲ! ಜನ ಬದುಕಲಿ ಅಂತ ಕಟ್ಟಿದ ವಿಮೆಗೆ ಅವರ ಸಾವು ಉಳಿತಾಯ ಆಗಲು ಸಾಧ್ಯವಿಲ್ಲ.

ಹಾಗಾದರೆ ವಿಮೆ ಏನು ಮಾಡಬಹುದು? ಮ್ಯಾಸಚೂಸೆಟ್ಸ್ ರಾಜ್ಯ ಒಂದು ದಾರಿ ತೋರಿಸಿತು. 2006ರ ಜುಲೈಯಿಂದ ಅಲ್ಲಿನ ಮೆಡಿಕೇಡ್, ಸಿಗರೇಟು ಬಿಡಲು ಬೇಕಾದ ಔಷಧ ಮತ್ತು ಆಪ್ತಸಲಹೆಯ ಖರ್ಚನ್ನೂ ಕೊಡತೊಡಗಿತು. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ, ಚ್ಯೂಯಿಂಗ್ ಗಮ್, ಮಾತ್ರೆ, ಎಲ್ಲವೂ ಕೆಲವೇ ಡಾಲರಿಗೆ ಸಿಗುತ್ತಿದ್ದವು. ಎರಡೂವರೆ ವರ್ಷದಲ್ಲಿ ಆ ವಿಮೆಯವರ ಪೈಕಿ ಸೇದುವವರ ಪ್ರಮಾಣ ಶೇ 38ರಿಂದ 28ಕ್ಕೆ ಇಳಿಯಿತು. ಒಬ್ಬರಿಗೆ ಆದ ಖರ್ಚು ಸುಮಾರು 183 ಡಾಲರ್. ಹೃದಯದ ಕಾಯಿಲೆಗೆ ಆಸ್ಪತ್ರೆ ಸೇರುವುದು ತಪ್ಪಿ ಉಳಿದಿದ್ದು ಸುಮಾರು 571 ಡಾಲರ್. ಒಂದಕ್ಕೆ ಮೂರು ಪಟ್ಟು, ಅದೂ ಕೆಲವೇ ವರ್ಷಗಳಲ್ಲಿ.

ಇಷ್ಟು ಬೇಗ ಫಲ ಸಿಗಲು ಕಾರಣ ನಮ್ಮ ದೇಹದಲ್ಲೇ ಇದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಹೊಗೆಯಿಂದ ರಕ್ತನಾಳದ ಒಳಪೊರೆ ಕೆಡುತ್ತದೆ, ರಕ್ತ ಬೇಗ ಗರಣೆ ಕಟ್ಟುತ್ತದೆ. ಸೇದುವುದು ನಿಲ್ಲಿಸಿದ ಒಂದೆರಡು ದಿನದಲ್ಲಿ ಕಾರ್ಬನ್ ಮಾನಾಕ್ಸೈಡ್ ಹೊರಟುಹೋಗುತ್ತದೆ. ಗರಣೆ ಕಟ್ಟುವ ಸ್ವಭಾವವೂ ಬೇಗ ಕಡಿಮೆಯಾಗುತ್ತದೆ. ಸುಮಾರು ಒಂದು ವರ್ಷದಲ್ಲಿ ಹೃದಯಕ್ಕೆ ಹೆಚ್ಚಾಗಿದ್ದ ಅಪಾಯ ಅರ್ಧಕ್ಕೆ ಬರುತ್ತದೆ. ಕ್ಯಾನ್ಸರಿನದು ನಿಧಾನ, ಹತ್ತು ವರ್ಷವಾದರೂ ಬೇಕು. ದಮ್ಮಿನಲ್ಲಿ ಹಾಳಾದ ಶ್ವಾಸಕೋಶ ಮೊದಲಿನಂತೆ ಆಗುವುದಿಲ್ಲ, ಆದರೆ ಮುಂದೆ ಹಾಳಾಗುವ ವೇಗ ತಗ್ಗುತ್ತದೆ. ಐವತ್ತರಲ್ಲಿ ಬಿಟ್ಟು ಏನು ಪ್ರಯೋಜನ ಅನ್ನುವವರಿಗೆ ನಾನು ಮೊದಲು ಹೇಳುವುದು ಹೃದಯದ ಈ ವಿಷಯವನ್ನೇ.

ಭಾರತದ್ದು ಇನ್ನೂ ದೊಡ್ಡ ಕಥೆ. ಇಲ್ಲಿ ಸಿಗರೇಟಿನ ಜೊತೆಗೆ ಬೀಡಿ, ಗುಟ್ಕಾ, ಹೊಗೆಸೊಪ್ಪು ಎಲ್ಲವೂ ಇವೆ. 2017–18ರಲ್ಲಿ ತಂಬಾಕಿನ ಕಾಯಿಲೆ ಮತ್ತು ಸಾವುಗಳಿಂದ ದೇಶಕ್ಕಾದ ನಷ್ಟ ಸುಮಾರು 1.77 ಲಕ್ಷ ಕೋಟಿ ರೂಪಾಯಿ ಎಂದು ಅಂದಾಜು. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಸೇದುವುದರಿಂದಲೇ. ಆಸ್ಪತ್ರೆಗೆ ಕಟ್ಟಿದ್ದು ಇದರ ಒಂದು ಭಾಗ. ಉಳಿದದ್ದು ದುಡಿಯಲಾಗದ ದಿನಗಳು, ಅಕಾಲದ ಸಾವುಗಳು.

ನಮ್ಮಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಹೃದಯದ ಕಟ್ಟಿಕೊಂಡ ರಕ್ತನಾಳ ತೆರೆದಿಡಲು ಹಾಕುವ ಸ್ಟೆಂಟ್, ಕ್ಯಾನ್ಸರ್ ಚಿಕಿತ್ಸೆ, ಎಲ್ಲವೂ ಅದರಲ್ಲಿವೆ. ಎಷ್ಟೋ ಮನೆಗಳ ಹೊಲ, ಒಡವೆ ಉಳಿದದ್ದು ಇದರಿಂದ. ಆದರೆ ಇದು ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರ ಯೋಜನೆ. ಸೇದುವುದನ್ನು ಬಿಡಿಸುವ ಕೆಲಸಕ್ಕೆ ಯಾರೂ ಆಸ್ಪತ್ರೆಗೆ ಸೇರಬೇಕಾಗಿಲ್ಲ. ಹಾಗಾಗಿ ನಿಕೋಟಿನ್ ಗಮ್‌ಗೆ ಬೇಕಾದ ಕೆಲವು ನೂರು ರೂಪಾಯಿ ಈ ಲೆಕ್ಕದ ಹೊರಗೇ ಉಳಿಯುತ್ತದೆ. ಅದಕ್ಕಿಂತ ಎಷ್ಟೋ ದುಬಾರಿಯಾದ ಸ್ಟೆಂಟ್ ಒಳಗೆ ಬರುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ತಂಬಾಕು ಬಿಡಿಸುವ ಕೇಂದ್ರಗಳಿವೆ, ನಿಜ. ಆದರೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಹೊರಟವರನ್ನು ಅಲ್ಲಿಗೆ ಕೈಹಿಡಿದು ಕರೆದೊಯ್ಯುವುದೂ ವಿಮೆಯ ಕೆಲಸವೇ ಆಗಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಬೀಡಿ ಸೇದಿದವರು. ಈ ಯೋಜನೆಯ ಕಾರ್ಡಿನಲ್ಲೇ ಸ್ಟೆಂಟ್ ಆಯಿತು, ಒಂದು ರೂಪಾಯಿ ಕೈಯಿಂದ ಹೋಗಲಿಲ್ಲ. ಡಿಸ್ಚಾರ್ಜ್ ದಿನ ‘ಬೀಡಿ ಬಿಡಬೇಕು’ ಅಂತ ಒಂದು ಮಾತು ಹೇಳಿ ಕಳಿಸಿದರು. ಹೇಗೆ ಬಿಡಬೇಕು ಅಂತ ಯಾರೂ ಹೇಳಲಿಲ್ಲ. ಮೂರನೇ ವಾರಕ್ಕೆ ಹಿತ್ತಲಿನಲ್ಲಿ ಮತ್ತೆ ಹೊಗೆ ವಾಸನೆ.

ಸಿಗರೇಟು, ಬೀಡಿ ಪ್ಯಾಕಿನ ಮೇಲೆ 1800-11-2356 ಎಂಬ ನಂಬರು ಇರುತ್ತದೆ. ತಂಬಾಕು ಬಿಡಲು ಸಹಾಯ ಮಾಡುವ ಕ್ವಿಟ್‌ಲೈನ್ ಅದು, ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಒಂದು ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು. ಒಂದು ಸಂಜೆ ನಾನೇ ನಂಬರು ಒತ್ತಿ ಫೋನನ್ನು ದೊಡ್ಡಪ್ಪನ ಕೈಗೆ ಕೊಟ್ಟೆ. ಮೊದಲು ಹ್ಞೂಂ, ಹ್ಞೂಂ ಅನ್ನುತ್ತಿದ್ದರು. ಆಮೇಲೆ ಬೆಳಿಗ್ಗೆ ಎದ್ದ ಕೂಡಲೇ ಸೇದುವ ಬೀಡಿಯ ಬಗ್ಗೆ, ಟೀ ಕುಡಿದ ಮೇಲಿನ ಬೀಡಿಯ ಬಗ್ಗೆ ತಾವೇ ಹೇಳತೊಡಗಿದರು. ಫೋನ್ ಇಟ್ಟ ಮೇಲೆ ಗೋಡೆಯ ಕ್ಯಾಲೆಂಡರ್ ಇಳಿಸಿಕೊಡು ಅಂದರು. ಕನ್ನಡಕ ಹಾಕಿಕೊಂಡು, ಮುಂದಿನ ಸೋಮವಾರಕ್ಕೆ ಪೆನ್ನಿನಲ್ಲಿ ಒಂದು ಸುತ್ತು ಹಾಕಿದರು.