ಹಳೇ ಹೈ-ಫೈ ಸೆಟ್‌ಗೆ ಮೊದಲ ದುಡ್ಡು ಎಲ್ಲಿ ಹಾಕಬೇಕು?

"ಸರ್, ಬಾಸ್ ಬರ್ತಾ ಇಲ್ಲ. ಇನ್ನೂ ದೊಡ್ಡ ಆಂಪ್ಲಿಫೈಯರ್ ಹಾಕಿಸ್ಬೇಕಾ?" ಸೆಕೆಂಡ್ ಹ್ಯಾಂಡ್ ಸೆಟ್ ಕೊಂಡವರು ರಿಪೇರಿ ಬೆಂಚಿನ ಮುಂದೆ ನಿಂತು ಕೇಳುವ ಮೊದಲ ಪ್ರಶ್ನೆ ಇದೇ. ಸ್ಪೀಕರ್‌ನ ಮುಂದಿರುವ ಬಟ್ಟೆಯ ಜಾಲರಿ ತೆಗೆಯಿರಿ ಅನ್ನುತ್ತೇನೆ. ಬಹಳ ಸಲ ಉತ್ತರ ಅಲ್ಲೇ ಸಿಗುತ್ತದೆ. ಬಾಸ್, ಅಂದರೆ ತಗ್ಗು ಸದ್ದು ಕೊಡುವ ವೂಫರ್‌ನ ಕೋನ್ ಸುತ್ತ ಇರಬೇಕಾದ ಸ್ಪಂಜಿನಂಥ ಫೋಮ್ ರಿಂಗ್ ಪುಡಿಪುಡಿಯಾಗಿ ಉದುರಿರುತ್ತದೆ. ಅಂಥ ಸ್ಪೀಕರ್‌ಗೆ ದೊಡ್ಡ ಆಂಪ್ಲಿಫೈಯರ್ ಕೊಟ್ಟರೆ ಬಾಸ್ ಅಂತೂ ಬರುವುದಿಲ್ಲ, ಕೋನ್ ಹಿಂದಿನ ತಂತಿ ಸುರುಳಿ (ಕಾಯಿಲ್) ಉಜ್ಜಿ, ಇದ್ದ ವೂಫರ್ ಕೂಡ ಹಾಳಾಗುತ್ತದೆ.

ಕೈಯಲ್ಲಿ ಹತ್ತು-ಹದಿನೈದು ಸಾವಿರ ಇಟ್ಟುಕೊಂಡು ಬರುವವರಿಗೆ ನಾನು ಹೇಳುವುದು ಇಷ್ಟೇ. ಖರ್ಚು ಸ್ಪೀಕರ್ ಮತ್ತು ಕೋಣೆಯಿಂದ ಶುರುವಾಗಲಿ. ಆಂಪ್ಲಿಫೈಯರ್ ಬದಲಿಸುವ ಮಾತು ಕೊನೆಗೆ ಬರಲಿ.

ಎಂಬತ್ತು-ತೊಂಬತ್ತರ ದಶಕದ ಬಹಳಷ್ಟು ಸ್ಪೀಕರ್‌ಗಳಲ್ಲಿ ಫೋಮ್ ರಿಂಗ್ ಇದೆ. ಸೆಟ್ ಬಳಸದೆ ಸುಮ್ನೆ ಇಟ್ಟಿದ್ದರೂ ಗಾಳಿಯ ತೇವಕ್ಕೆ ಅದು ಕೊಳೆಯುತ್ತದೆ. ಕರಾವಳಿಯ ಮನೆಗಳಲ್ಲಿ ಇನ್ನೂ ಬೇಗ. ರಬ್ಬರ್ ರಿಂಗ್ ಇದ್ದರೆ ನಿಮ್ಮ ಅದೃಷ್ಟ, ಅದು ಸುಲಭಕ್ಕೆ ಹಾಳಾಗುವುದಿಲ್ಲ. ಕೋನ್‌ನ ಎರಡೂ ಬದಿಗೆ ಬೆರಳಿಟ್ಟು, ಸಮವಾಗಿ, ಮೆಲ್ಲಗೆ ಒಳಕ್ಕೆ ಒತ್ತಿ. ಸದ್ದಿಲ್ಲದೆ ಹೋಗಿ ಬರಬೇಕು. ಕರಕರ ಅಂದರೆ ಕಾಯಿಲ್ ಮ್ಯಾಗ್ನೆಟ್‌ಗೆ ಉಜ್ಜುತ್ತಿದೆ ಎಂದರ್ಥ. ಅದು ದೊಡ್ಡ ಕೆಲಸ, ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಫೋಮ್ ರಿಂಗ್ ಹೊಸದಾಗಿ ಸಿಗುತ್ತದೆ, ಹೊಸ ಸ್ಪೀಕರ್‌ನ ಬೆಲೆಗೆ ಹೋಲಿಸಿದರೆ ಅದು ಏನೂ ಅಲ್ಲ. ಆದರೆ "ಎಂಟಿಂಚಿನದು ಕೊಡಿ" ಅಂತ ಕೇಳಿ ತರಬೇಡಿ. ಕೋನ್‌ನ ಹೊರ ಅಂಚಿನ ಅಳತೆ, ಫ್ರೇಮ್‌ನ ಒಳ ಅಳತೆ, ಎರಡನ್ನೂ ಮಿಲಿಮೀಟರ್‌ನಲ್ಲಿ ಬರೆದುಕೊಂಡು ಹೋಗಿ. ಹಳೇ ಫೋಮ್ ಮತ್ತು ಅಂಟು ಪೂರ್ತಿ ಕೆರೆದು ತೆಗೆದ ಮೇಲೆಯೇ ಹೊಸದನ್ನು ಕೂರಿಸಬೇಕು. ಅಂಟು ಒಣಗುವಾಗ ಕೋನ್ ನಡುವೆಯೇ ನಿಲ್ಲಬೇಕು. ಇದರಲ್ಲಿ ಅವಸರ ಬೇಡ. ಒಂದು ಬದಿಯದು ಮಾತ್ರ ಹೋಗಿದ್ದರೂ ಎರಡಕ್ಕೂ ಹಾಕಿಸಿ, ಇಲ್ಲದಿದ್ದರೆ ಎಡ-ಬಲದ ಸದ್ದು ಒಂದೇ ಥರ ಇರುವುದಿಲ್ಲ.

ವೂಫರ್ ಬಿಚ್ಚಿದಾಗ ಒಳಗಿನ ಕ್ರಾಸ್‌ಓವರ್ ಬೋರ್ಡ್ (ತಗ್ಗು ಸದ್ದನ್ನು ವೂಫರ್‌ಗೆ, ಏರು ಸದ್ದನ್ನು ಚಿಕ್ಕ ಟ್ವೀಟರ್‌ಗೆ ಹಂಚುವುದು) ಕೂಡ ನೋಡಿ. ಟ್ವೀಟರ್‌ಗೆ ಹೋಗುವ ದಾರಿಯಲ್ಲಿ ಒಂದು ನಾನ್-ಪೋಲಾರ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇರುತ್ತದೆ. ಇಷ್ಟು ವರ್ಷಕ್ಕೆ ಅದು ಒಣಗಿರುವುದೇ ಜಾಸ್ತಿ. ಅದೇ ಮೌಲ್ಯದ ಫಿಲ್ಮ್ ಕೆಪಾಸಿಟರ್ ಹಾಕಿದರೆ ಮಂಕಾಗಿದ್ದ ತಾಳ, ತಂಬೂರಿ ಮತ್ತೆ ಬಿಡಿಬಿಡಿಯಾಗಿ ಕೇಳುತ್ತವೆ. ಮೌಲ್ಯ ಮಾತ್ರ ಬದಲಿಸಬೇಡಿ.

ಇನ್ನು ಕೋಣೆ. ವಿಟ್ರಿಫೈಡ್ ಟೈಲ್ಸ್, ಬೋಳು ಗೋಡೆ, ಬೀರುವಿನ ತಲೆಯ ಮೇಲೆ ಸ್ಪೀಕರ್. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಹೀಗೇ ಅಲ್ವಾ? ಮೂಲೆಗೆ ತಳ್ಳಿದ ಸ್ಪೀಕರ್‌ನಿಂದ ಗುಮ್ಮೆನ್ನುವ ಬಾಸ್ ಬರುತ್ತದೆ, ಹಾಡುವವರ ದನಿ ಅದರಲ್ಲಿ ಮುಳುಗುತ್ತದೆ. ಹಿಂದಿನ ಗೋಡೆಯಿಂದ ಒಂದಡಿಯಾದರೂ ಮುಂದಕ್ಕೆ ತನ್ನಿ. ಎರಡು ಸ್ಪೀಕರ್ ನಡುವೆ ಎಷ್ಟು ದೂರ ಇದೆಯೋ ಸುಮಾರು ಅಷ್ಟೇ ದೂರದಲ್ಲಿ ನೀವು ಕೂರಿ. ಟ್ವೀಟರ್ ನಿಮ್ಮ ಕಿವಿಯ ಎತ್ತರಕ್ಕೆ ಬರಲಿ. ಸ್ಟ್ಯಾಂಡ್‌ಗೆ ದುಡ್ಡಿಲ್ಲವೇ? ಮನೆ ಕಟ್ಟುವ ಎಂಟಿಂಚಿನ ಸಾಲಿಡ್ ಬ್ಲಾಕ್ ಒಂದನ್ನು ಮಲಗಿಸಿ, ಅದರ ಮೇಲೆ ಇನ್ನೊಂದನ್ನು ನಿಲ್ಲಿಸಿದರೆ ಎರಡಡಿ ಎತ್ತರ ಆಗುತ್ತದೆ. ಎರಡೂ ಬ್ಲಾಕ್ ಸೇರುವ ಜಾಗಕ್ಕೆ ಅಂಟು ಹಾಕಿ ಭದ್ರ ಮಾಡಿ. ಮನೆಯಲ್ಲಿ ಓಡಾಡುವ ಮಕ್ಕಳಿದ್ದರೆ ಈ ಉಪಾಯ ಬೇಡ, ಗಟ್ಟಿಯಾದ ಮರದ ಬೆಂಚು ಮಾಡಿಸಿ. ನೆಲಕ್ಕೊಂದು ದಪ್ಪ ಜಮಖಾನ, ಕಿಟಕಿಗೆ ಪರದೆ, ಗೋಡೆಗೆ ತುಂಬಿದ ಪುಸ್ತಕದ ಕಪಾಟು. ಇಷ್ಟಾದರೆ ಆಗುವ ಬದಲಾವಣೆ ಮೂವತ್ತು ಸಾವಿರದ ಹೊಸ ಆಂಪ್ಲಿಫೈಯರ್ ತಂದರೂ ಆಗುವುದಿಲ್ಲ.

ವ್ಯಾಟ್ ಲೆಕ್ಕದಲ್ಲಿ ಜನ ತುಂಬ ಮೋಸ ಹೋಗಿದ್ದಾರೆ. ತೊಂಬತ್ತರ ದಶಕದ ಸೆಟ್‌ಗಳ ಮೇಲೆ ಸಾವಿರಾರು ವ್ಯಾಟ್ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂಬ ಜಾಹೀರಾತಿನ ಲೆಕ್ಕ) ಅಂತ ಅಚ್ಚು ಹಾಕಿರುತ್ತಿದ್ದರು. ಅದೇ ಸೆಟ್ಟಿನ ಹಿಂದಿನ ಲೇಬಲ್‌ನಲ್ಲಿ ಅದು ಎಳೆಯುವ ಕರೆಂಟ್ ನೂರು ವ್ಯಾಟ್ ಕೂಡ ಇರುವುದಿಲ್ಲ. ಒಳಗೆ ಬಂದದ್ದಕ್ಕಿಂತ ಜಾಸ್ತಿ ಹೊರಗೆ ಹೋಗುವುದು ಹೇಗೆ? ನೋಡಬೇಕಾದ್ದು ಆರ್‌ಎಂಎಸ್, ಅಂದರೆ ನಿರಂತರವಾಗಿ ಕೊಡಬಲ್ಲ ವ್ಯಾಟ್ ಮಾತ್ರ. 87 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್ 1 ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಕೊಡುತ್ತದೆ. 20 ವ್ಯಾಟ್ ಕೊಟ್ಟರೆ 100 ಡೆಸಿಬೆಲ್. ಹತ್ತು-ಹನ್ನೆರಡು ಅಡಿಯ ಕೋಣೆಗೆ ಅದು ಧಾರಾಳ. 20ರ ಬದಲು 40 ವ್ಯಾಟ್ ತಂದರೆ ಸಿಗುವುದು ಬರೀ 3 ಡೆಸಿಬೆಲ್. ಕಿವಿಗೆ ಸದ್ದು ಎರಡರಷ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

ಆಂಪ್ಲಿಫೈಯರ್‌ಗೆ ಬೇಕಾದ್ದು ಒಂದು ಒಳ್ಳೆ ಸರ್ವೀಸ್. ವಾಲ್ಯೂಮ್ ತಿರುಗಿಸಿದಾಗ ಗರಗರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು. ಬಾಗಿಲಿನ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ. ಸ್ಪೀಕರ್ ಜೋಡಿಸುವ ಮೊದಲು, ಹಾಡು ಹಾಕದೆ, ಸ್ಪೀಕರ್ ಟರ್ಮಿನಲ್‌ಗಳ ಮೇಲೆ ಮಲ್ಟಿಮೀಟರ್ ಇಟ್ಟು ಡಿಸಿ ವೋಲ್ಟೇಜ್ ನೋಡಿ. 50 ಮಿಲಿವೋಲ್ಟ್ ಒಳಗಿದ್ದರೆ ನೆಮ್ಮದಿ. ವೋಲ್ಟ್ ಲೆಕ್ಕದಲ್ಲಿ ಬಂದರೆ ಸ್ಪೀಕರ್ ಹಾಕಲೇಬೇಡಿ, ಕಾಯಿಲ್ ಸುಡುತ್ತದೆ. ಮೇಲಿನ ಮುಚ್ಚಳ ತೆಗೆದು ಕೈ ಹಾಕುವುದನ್ನು ಮಾತ್ರ ಗೊತ್ತಿದ್ದವರಿಗೆ ಬಿಡಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ.

ಮಂಗಳೂರು, ಉಡುಪಿ, ಭಟ್ಕಳದ ಕಡೆ ಗಲ್ಫ್‌ನಿಂದ ಬಂದ ಸೆಟ್‌ಗಳು ಈಗಲೂ ಕೈ ಬದಲಾಗುತ್ತಿವೆ. ಹಲವಕ್ಕೆ ಹಿಂಬದಿಯಲ್ಲಿ ವೋಲ್ಟೇಜ್ ಸೆಲೆಕ್ಟರ್ ಇದೆ. ಸೌದಿಯಲ್ಲಿ ಹಿಂದೆ 127 ವೋಲ್ಟ್ ಇತ್ತು. ಅಲ್ಲಿ ಬಳಸಿದ ಸೆಟ್ಟನ್ನು ಸೆಲೆಕ್ಟರ್ ತಿರುಗಿಸದೆ ಹಾಗೇ ನಮ್ಮ 230 ವೋಲ್ಟ್‌ಗೆ ಹಾಕಿದರೆ ಟ್ರಾನ್ಸ್‌ಫಾರ್ಮರ್ ಹೋಯಿತು ಅಂತಲೇ ಲೆಕ್ಕ. ಜಪಾನಿನ ಒಳ ಮಾರುಕಟ್ಟೆಗೆ ಮಾಡಿದ ಸೆಟ್ ಬರೀ 100 ವೋಲ್ಟ್‌ನದು, ಅದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಆ ಖರ್ಚನ್ನೂ ಸೆಟ್ಟಿನ ಬೆಲೆಗೆ ಸೇರಿಸಿ ಚೌಕಾಸಿ ಮಾಡಿ.

ಹಾಡು ಬರುವ ದಾರಿಗೆ ಜಾಸ್ತಿ ಖರ್ಚಿಲ್ಲ. ಸಿಡಿ ಪ್ಲೇಯರ್ ಓದುತ್ತಿಲ್ಲವೆಂದು ಸೆಟ್ ಎಸೆಯಬೇಡಿ. ಫೋನಿಗೆ ಇಯರ್‌ಫೋನ್ ಜ್ಯಾಕ್ ಇರುವ ಟೈಪ್-ಸಿ ಡಾಂಗಲ್ ಹಾಕಿ, ಅಲ್ಲಿಂದ ವೈರ್ ಎಳೆದು ಆಕ್ಸ್, ಟೇಪ್ ಅಥವಾ ಸಿಡಿ ಎಂದಿರುವ ಇನ್‌ಪುಟ್‌ಗೆ ಕೊಡಿ. ಫೋನೋ ಎಂದಿರುವುದಕ್ಕೆ ಕೊಡಬೇಡಿ. ಅದು ರೆಕಾರ್ಡ್ ಪ್ಲೇಯರ್‌ನ ಕೆಲವೇ ಮಿಲಿವೋಲ್ಟ್ ಸಿಗ್ನಲ್‌ಗೆ ಮಾಡಿದ್ದು, ಫೋನಿನ ಸದ್ದು ಅಲ್ಲಿ ಒಡೆದು ಕೇಳುತ್ತದೆ. ಸ್ಪೀಕರ್ ವೈರ್‌ಗೆ ಮನೆ ವೈರಿಂಗ್‌ನ 1.5 ಚದರ ಮಿಲಿಮೀಟರ್ ತಾಮ್ರದ ಮಲ್ಟಿಸ್ಟ್ರಾಂಡ್ ಸಾಕು. ಐದು ಮೀಟರ್ ಎಳೆದರೆ ಹೋಗಿ ಬರುವ ದಾರಿ ಸೇರಿ ಅದರ ರೆಸಿಸ್ಟೆನ್ಸ್ ಸುಮಾರು 0.12 ಓಮ್. 8 ಓಮ್ ಸ್ಪೀಕರ್ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ. ಮೀಟರ್‌ಗೆ ಸಾವಿರ ಕೊಡುವ ಕೇಬಲ್‌ನ ಮಾತು ಯಾರಾದರೂ ಎತ್ತಿದರೆ ಆ ದುಡ್ಡಿಗೆ ಜಮಖಾನ ತನ್ನಿ.

ಹಾಗಾದರೆ ಆಂಪ್ಲಿಫೈಯರ್ ಬದಲಿಸುವುದು ಯಾವಾಗ? ಔಟ್‌ಪುಟ್‌ನಲ್ಲಿರುವ ಎಸ್‌ಟಿಕೆ ಐಸಿ (ಸ್ಪೀಕರ್‌ಗೆ ಶಕ್ತಿ ಕೊಡುವ ಸರ್ಕ್ಯೂಟ್ ಒಂದೇ ತುಂಡಿನಲ್ಲಿರುವ ಬಿಡಿಭಾಗ) ಸುಟ್ಟಾಗ ಯೋಚಿಸಿ. ಅವುಗಳಲ್ಲಿ ಬಹಳಷ್ಟು ಈಗ ತಯಾರಾಗುತ್ತಿಲ್ಲ, ಅಂಗಡಿಯಲ್ಲಿ ಸಿಗುವುದರಲ್ಲಿ ನಕಲಿಯೇ ಜಾಸ್ತಿ. ಐಸಿ ಬದಲು ಬಿಡಿ ಟ್ರಾನ್ಸಿಸ್ಟರ್ ಇರುವ ಸೆಟ್ ಆದರೆ ಉಳಿಸಿಕೊಳ್ಳಬಹುದು. ಆದರೆ 2ಎಸ್‌ಸಿ5200, 2ಎಸ್‌ಎ1943 ಎಂಬ ಔಟ್‌ಪುಟ್ ಟ್ರಾನ್ಸಿಸ್ಟರ್ ಜೋಡಿಗೂ ನಕಲಿ ಧಾರಾಳವಾಗಿ ಬರುತ್ತಿದೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೇ ಕೊಳ್ಳಿ, ಬೇರೆಲ್ಲೇ ಕೊಳ್ಳಿ, ಬೆಲೆ ತೀರಾ ಕಡಿಮೆ ಹೇಳಿದರೆ ಅಲ್ಲಿಂದ ಮುಂದಿನ ಅಂಗಡಿಗೆ ಹೋಗಿ.